ಹೆಜ್ಜೆಯ ಲೆಕ್ಕ, ಸ್ಲೇಟಿನ ಲೆಕ್ಕ

ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಬೀಸು ಕಂಸಾಳೆ ನೋಡಿದವರಿಗೆ ಗೊತ್ತು, ಒಬ್ಬನ ಪೆಟ್ಟು ತಪ್ಪಿದರೆ ಸಾಲೆಲ್ಲ ಕೆಡುತ್ತದೆ. ಎಡಗೈಯ ಬಟ್ಟಲು, ಬಲಗೈಯಲ್ಲಿ ಬೀಸುವ ತಾಳ, ಕಾಲಿನ ಹೆಜ್ಜೆ ಮೂರೂ ಒಂದೇ ಎಣಿಕೆಗೆ ಕಟ್ಟುಬಿದ್ದಿರುತ್ತವೆ. ಆ ಎಣಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮೈಯೇ ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡವರ ಪಕ್ಕದಲ್ಲಿ ನಿಂತು ಈ ಲೆಕ್ಕವನ್ನು ಹಿಡಿಯಬಲ್ಲ ಮಗು ಸ್ಲೇಟಿನ ಮುಂದೆ ಯಾಕೆ ತಡವರಿಸಬೇಕು? ಆಟದ ಮೂಲಕ ಗಣಿತ ಕಲಿಸುವ ಪ್ರಯತ್ನಗಳು ನಮ್ಮಲ್ಲಿ ಬೆಳೆದುಬಂದ ದಾರಿಯನ್ನು ನಾನು ನೋಡುವುದು ಈ ಪ್ರಶ್ನೆಯ ಕಡೆಯಿಂದ.

ನಮ್ಮ ಹಳೆಯ ಅಳತೆಗಳು ಮೈಯಿಂದಲೇ ಹುಟ್ಟಿದವು: ಗೇಣು, ಮೊಳ, ಮಾರು, ಹಿಡಿ, ಬೊಗಸೆ. ಕೂಲಿಮಠದ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಂಕಿ ತಿದ್ದಿದರು, ಮಗ್ಗಿಯನ್ನು ಒಕ್ಕೊರಲಲ್ಲಿ ಒಪ್ಪಿಸಿದರು. ಮಠದ ಹೊರಗೆ ಇನ್ನೊಂದು ಗಣಿತವಿತ್ತು. ಚೌಕಾಬಾರದ 25 ಮನೆಗಳಲ್ಲಿ ಕಾಯಿ ನಡೆಸುವಾಗ ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ಎಲ್ಲವೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಅಳಿಗುಳಿ ಮಣೆಯ 14 ಕುಳಿಗಳಲ್ಲಿ ಹುಣಸೆ ಬೀಜ ಹಂಚುತ್ತಾ ಹೋಗುವ ಮಗುವಿಗೆ ಕೊನೆಯ ಬೀಜ ಯಾವ ಕುಳಿಯಲ್ಲಿ ಬೀಳುತ್ತದೆಂಬುದು ಮೊದಲೇ ಕಣ್ಣಿಗೆ ಕಟ್ಟುತ್ತದೆ. ಚಿನ್ನಿದಾಂಡಿನಲ್ಲಿ ಚಿನ್ನಿ ಬಿದ್ದ ದೂರವನ್ನು ದಾಂಡಿನಿಂದಲೇ ಅಳೆಯುತ್ತಾರೆ. ಅಳತೆಗೋಲು ಎಂದರೇನೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ನನಗೆ ಗೊತ್ತಿಲ್ಲ. ಇಷ್ಟೆಲ್ಲ ಇದ್ದೂ ಶಾಲೆ ಬಂದಾಗ ಈ ಆಟಗಳು ಗೋಡೆಯ ಆಚೆಯೇ ಉಳಿದವು.

ಆಟವನ್ನು ಪಾಠದೊಳಕ್ಕೆ ತರುವ ವಿಚಾರ ಬೇರೆ ದಿಕ್ಕುಗಳಿಂದ ಬಂತು. ಜರ್ಮನಿಯಲ್ಲಿ ಫ್ರೋಬೆಲ್ 1837ರಲ್ಲಿ ಮಕ್ಕಳ ಆಟದ ಶಾಲೆ ತೆರೆದ. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದರು, ಮಾರಿಯಾ ಮಾಂಟೆಸರಿ 1939ರಲ್ಲಿ ಅಡ್ಯಾರಿಗೆ ಬಂದರು. ನಮ್ಮ ಹಳ್ಳಿಗೆ ಹತ್ತಿರವಾದದ್ದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಆ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ನಮ್ಮ ಸೀಮೆಯ ಕೊಳ್ಳೇಗಾಲಕ್ಕೆ ತಾಗಿದ ತಿ. ನರಸೀಪುರ.

ನಿಜವಾದ ತಿರುವು 1995ರಲ್ಲಿ, ಕಾಡಂಚಿನ ಇನ್ನೊಂದು ತಾಲೂಕಾದ ಹೆಗ್ಗಡದೇವನಕೋಟೆಯಲ್ಲಿ ಆಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ರೂಪಿಸಿದರು. ಒಬ್ಬರೇ ಮೇಷ್ಟ್ರು ಹಲವು ತರಗತಿಗಳನ್ನು ನೋಡಿಕೊಳ್ಳಬೇಕಾದ ಶಾಲೆಗೆ ಇದು ಹೇಳಿ ಮಾಡಿಸಿದಂತಿತ್ತು. ಮಗು ಎದ್ದು ಹೋಗಿ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಕಾರ್ಡು ಎತ್ತಿಕೊಂಡು, ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ತನ್ನದಕ್ಕೆ ಸೇರಿ ನೆಲದ ಮೇಲೆ ಕೂರುತ್ತದೆ. ಒಂದು ತಟ್ಟೆಗೆ ಮೇಷ್ಟ್ರ ಬೆಂಬಲ, ಇನ್ನೊಂದಕ್ಕೆ ಸಹಪಾಠಿಯ ಬೆಂಬಲ, ಮತ್ತೊಂದರಲ್ಲಿ ಸ್ವಕಲಿಕೆ. ಕಲ್ಲು, ಬೀಜ, ಕಡ್ಡಿ, ಹಾಡು, ಆಟ ಎಲ್ಲವೂ ಪಾಠದ ಮೆಟ್ಟಿಲುಗಳೇ ಆದವು. 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹರಡಿತು. ಹರಡಿದಾಗ ಏನನ್ನೋ ಕಳೆದುಕೊಂಡಿತು ಎಂಬುದು ನನ್ನ ಅನಿಸಿಕೆ. ಕಾರ್ಡು ಮುಗಿಸುವುದು, ದಾಖಲೆ ತುಂಬುವುದು ಮುಖ್ಯವಾದಾಗ ಮೊದಲು ಕೈಬಿಟ್ಟುಹೋಗುವುದು ಅಂಗಳದ ಆಟವೇ. 2020ರ ಶಿಕ್ಷಣ ನೀತಿ, 2021ರ ನಿಪುಣ್ ಭಾರತ್, ಒಂದನೇ ತರಗತಿಯ ಮೊದಲ ಮೂರು ತಿಂಗಳ ವಿದ್ಯಾಪ್ರವೇಶ ಮತ್ತೆ ಆಟದ ಮಾತಾಡುತ್ತಿವೆ.

ಈ ನಡುವೆ ಸಂಶೋಧಕರು ಆಟವನ್ನು ಪರೀಕ್ಷೆಗೆ ಒಡ್ಡಿದರು. ಅಮೆರಿಕದಲ್ಲಿ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ತೋರಿಸಿದಂತೆ, 1ರಿಂದ 10ರವರೆಗೆ ಅಂಕಿ ಬರೆದ ನೇರ ಸಾಲಿನ ಮನೆಗಳಲ್ಲಿ ಕಾಯಿ ನಡೆಸಿದ ಬಡ ಕುಟುಂಬಗಳ ಮಕ್ಕಳಿಗೆ ಸಂಖ್ಯೆಗಳ ಅಂದಾಜು ಬೇಗ ಹತ್ತಿತು. ಬರೀ ಬಣ್ಣದ ಮನೆಗಳಲ್ಲಿ ಆಡಿದವರಿಗೆ ಹತ್ತಲಿಲ್ಲ. ಚೌಕಾಬಾರದ ಮನೆಗಳಲ್ಲಿ ಅಂಕಿಯಿಲ್ಲ, ದಾರಿಯೂ ಸುತ್ತುಸುತ್ತು. ನಮ್ಮ ಆಟದಲ್ಲಿ ಇಲ್ಲದ್ದು ಏನೆಂದು ಈ ಪ್ರಯೋಗ ಬೆರಳಿಟ್ಟು ತೋರಿಸುತ್ತದೆ. ಡೆನ್ಮಾರ್ಕಿನಲ್ಲಿ 165 ಮಕ್ಕಳ ಮೇಲೆ ಆರು ವಾರ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಡೀ ಮೈಯಾಡಿಸಿ ಗಣಿತ ಕಲಿತವರು ಬೆರಳಾಟದಲ್ಲಿ ಕಲಿತವರಿಗಿಂತ ಹೆಚ್ಚು ಸುಧಾರಿಸಿದರು. ಗಣಿತದಲ್ಲಿ ಹಿಂದುಳಿದವರಿಗೆ ಮಾತ್ರ ಆ ಲಾಭ ದಕ್ಕಲಿಲ್ಲ. ಇದನ್ನು ಮುಚ್ಚಿಟ್ಟು ಆಟವನ್ನು ಹೊಗಳುವುದು ಆ ಮಕ್ಕಳಿಗೇ ಅನ್ಯಾಯ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ದೆಹಲಿಯ ಪ್ರಯೋಗ. 214 ಬಾಲವಾಡಿಗಳ 1,540 ಮಕ್ಕಳೊಂದಿಗೆ ನಡೆಸಿದ ಈ ಅಧ್ಯಯನವನ್ನು ಎಲಿಜಬೆತ್ ಸ್ಪೆಲ್ಕೆ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ನಾಲ್ಕು ತಿಂಗಳು ಗಣಿತದ ಆಟವಾಡಿದ ಮಕ್ಕಳಲ್ಲಿ ಹೆಚ್ಚು-ಕಡಿಮೆ ಅಂದಾಜಿಸುವ ಸಹಜ ಶಕ್ತಿ ಬೆಳೆಯಿತು, ಬಹುಕಾಲ ಉಳಿಯಿತು. ಆದರೆ ಒಂದನೇ ತರಗತಿಗೆ ಹೋದಾಗ ಅಂಕಿಗಳ ಗಣಿತದಲ್ಲಿ ಅವರು ಇತರರಿಗಿಂತ ಮುಂದಿರಲಿಲ್ಲ. 2025ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಚಿಲ್ಲರೆಯ ಲೆಕ್ಕವನ್ನು ಮನಸ್ಸಿನಲ್ಲೇ ಮುಗಿಸುವ ಮಕ್ಕಳು ಶಾಲೆಯ ಲೆಕ್ಕದ ಮುಂದೆ ಸೋತರು. ಅಮಾವಾಸ್ಯೆಯ ಜನಜಂಗುಳಿಯಲ್ಲಿ ಅವ್ವನ ಕಾಯಿ-ಕರ್ಪೂರದ ಅಂಗಡಿಯಲ್ಲಿ ನಿಲ್ಲುವ ಬೆಟ್ಟದ ಮಗುವಿನ ಮುಖ ನನಗೆ ಇಲ್ಲಿ ಕಾಣುತ್ತದೆ. ಆಟವೊಂದೇ ಸಾಲದು. ಆಟದಿಂದ ಅಂಕಿಗೆ ಹೋಗುವ ದಾರಿಯನ್ನು ಯಾರಾದರೂ ಕೈಹಿಡಿದು ನಡೆಸಿ ತೋರಿಸಬೇಕು, ಪ್ರತಿದಿನ, ಆಟ ಮುಗಿದ ಕೂಡಲೇ.

ಬೆಟ್ಟದ ಸುತ್ತಲಿನ ಗಿರಿಜನರ ಪೋಡುಗಳಿಗೂ ಕಾಡಿನ ಊರುಗಳಿಗೂ ಇದಕ್ಕೆ ದುಬಾರಿ ಸಾಮಾನು ಬೇಡ. ಕನ್ನಡದ ಎಣಿಕೆಯೇ ದೊಡ್ಡ ನೆರವು. ಹಿಂದಿಯಲ್ಲಿ ನೂರರವರೆಗಿನ ಹೆಸರುಗಳನ್ನು ಬಹುಪಾಲು ಬಾಯಿಪಾಠ ಮಾಡಬೇಕು. ನಮ್ಮಲ್ಲಿ ಇಪ್ಪತ್ತು ದಾಟಿದ ಮೇಲೆ ಹತ್ತೂ ಬಿಡಿಯೂ ಹೆಸರಿನಲ್ಲೇ ಬಿಡಿಸಿಕೊಂಡು ನಿಲ್ಲುತ್ತವೆ. ಮಾದಪ್ಪನ, ಅಂದರೆ ಮಹದೇಶ್ವರನ, ಮಲೆಗಳು ಎಪ್ಪತ್ತೇಳು ಎಂದು ಈ ಸೀಮೆಯ ಮಗುವಿಗೆ ಯಾರೂ ಕಲಿಸಬೇಕಿಲ್ಲ. ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಗೆರೆ ಎಳೆದು, ಹತ್ತಕ್ಕೊಂದು ದೊಡ್ಡ ನೆಗೆತ, ಒಂದಕ್ಕೊಂದು ಪುಟ್ಟ ಹೆಜ್ಜೆ ಎಂದು ಗೊತ್ತುಮಾಡಿದರೆ, ಎಪ್ಪತ್ತೇಳಕ್ಕೆ ಏಳು ನೆಗೆತ, ಏಳು ಹೆಜ್ಜೆ. ಅಲ್ಲಿ ನಿಂತ ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟು 77 ಬರೆಸಿ, "ಮಗಾ, ಇವೆರಡರಲ್ಲಿ ನೀನು ನೆಗೆದ ಏಳು ಯಾವುದು, ನಡೆದ ಏಳು ಯಾವುದು?" ಎಂದು ಕೇಳಬೇಕು.