ಹೂವಿನಕೋಲು: ತತ್ತ್ವಜಿಜ್ಞಾಸೆಯ ಮೊದಲ ಪಾಠ

ಶಾಲೆಯ ಬಾಲಕರಿಗೆ ತತ್ತ್ವಶಾಸ್ತ್ರವನ್ನು ಕಲಿಸಬೇಕೆಂದರೆ ನಗುವವರು ಬಹುಮಂದಿ. ತತ್ತ್ವವು ತಲೆ ನರೆತವರ ವ್ಯಾಸಂಗ. ಗಣಿತ ವ್ಯಾಕರಣಗಳಿಗೇ ಹೊತ್ತು ಸಾಲದ ಮಕ್ಕಳಿಗೆ ಅದೇಕೆ ಎಂಬುದು ಅವರ ವಾದ. ಈ ವಾದವನ್ನು ತೂಗಿನೋಡುವುದಕ್ಕೆ ಶ್ರೋತೃಗಳು ಅಥೆನ್ಸಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯ ಚರಿತ್ರೆಯೇ ಸಾಕು.

ಸರಕಾರಿ ಶಾಲೆಗಳು ಹಳ್ಳಿಹಳ್ಳಿಗೂ ಬರುವುದಕ್ಕೆ ಮೊದಲು ಆ ಸೀಮೆಯಲ್ಲಿ ಅಕ್ಷರ ಕಲಿಸುತ್ತಿದ್ದವರು ಐಗಳು. ಅವರ ಪಾಠಶಾಲೆಗೆ ಐಗಳ ಮಠವೆಂದು ಹೆಸರು. ನವರಾತ್ರಿಯಲ್ಲಿ ಐಗಳು ಹುಡುಗರನ್ನು ಕೂಡಿಸಿಕೊಂಡು, ಹೂವಿನಿಂದ ಸಿಂಗರಿಸಿದ ಕೋಲುಗಳೊಡನೆ ಮನೆಮನೆಗೆ ಹೋಗುತ್ತಿದ್ದರು. ಹುಡುಗರು ಚೌಪದಿಯನ್ನು ಹಾಡಿ ಮನೆಯವರಿಗೆ ಶುಭವನ್ನು ಕೋರಿ, ಬಳಿಕ ಎದುರುಬದುರಾಗಿ ಕುಳಿತು ಯಕ್ಷಗಾನ ಪ್ರಸಂಗವೊಂದರ ಸಂವಾದವನ್ನು ನಡೆಸುವರು. ಭಾಗವತನ ಪದ, ಮದ್ದಳೆಯ ನುಡಿತ, ಬಾಲಕರ ಮಾತು, ಇದೇ ಹೂವಿನಕೋಲು.

ಈ ಮಾತಿನಲ್ಲಿ ಇದ್ದುದೇನು? ಯಕ್ಷಗಾನದವರಿಗೆ ಪ್ರಿಯವಾದ ಕರ್ಣಾರ್ಜುನರ ಕಥೆಯನ್ನೇ ತೆಗೆದುಕೊಳ್ಳೋಣ. ರಥದ ಚಕ್ರವು ನೆಲದಲ್ಲಿ ಹೂತಾಗ ಕರ್ಣನು ಯುದ್ಧಧರ್ಮವನ್ನು ನೆನಪಿಸುತ್ತಾನೆ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ನಿನ್ನ ಧರ್ಮ ಎಲ್ಲಿತ್ತು ಎಂದು ಕೃಷ್ಣನು ಕೇಳುತ್ತಾನೆ. ತಾನು ಧರ್ಮವನ್ನು ಮುರಿದವನು ಅದೇ ಧರ್ಮದ ರಕ್ಷಣೆಯನ್ನು ಬೇಡಬಹುದೆ? ಅವನು ಮುರಿದನೆಂದು ನಾವೂ ಮುರಿಯಬಹುದೆ? ನೀತಿಶಾಸ್ತ್ರದಲ್ಲಿ ಇವಕ್ಕಿಂತ ಗಹನವಾದ ಪ್ರಶ್ನೆಗಳು ವಿರಳ. ಆದರೂ ಇವು ಹತ್ತು ವರ್ಷದ ಬಾಲಕನ ಬುದ್ಧಿಗೆ ನಿಲುಕುವಂಥವೇ.

ಆದರೆ ಈ ಪದ್ಧತಿಯ ಕೊರತೆಗಳನ್ನು ಮರೆಮಾಚಲಾಗದು. ಹೂವಿನಕೋಲಿನ ಬಾಲಕನು ಹೇಳುತ್ತಿದ್ದುದು ಕಂಠಪಾಠದ ಮಾತು. ಮಳೆಗಾಲದ ತಾಳಮದ್ದಳೆಯಲ್ಲಿ ಹಿರಿಯ ಅರ್ಥಧಾರಿಗಳು ಎದುರಾಳಿಯ ಮಾತಿಗೆ ಆಗಿಂದಾಗಲೇ ಉತ್ತರ ಕಟ್ಟುವರು. ಬಾಲಕನಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ, ಅಕ್ಷರದ ಜಗಲಿಗೆ ಎಲ್ಲ ಮಕ್ಕಳಿಗೂ ಪ್ರವೇಶವಿರಲಿಲ್ಲ. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತರಿಗಾಗಿ ಶಾಲೆಗಳನ್ನು ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದಾಗ ಎದುರಿಸಿದ ವಿರೋಧವು ಇದಕ್ಕೆ ಸಾಕ್ಷಿ. ಪ್ರಶ್ನೆ ಕೇಳುವ ಹಕ್ಕು ತರಗತಿಯಲ್ಲಿ ಕುಳಿತುಕೊಳ್ಳುವ ಹಕ್ಕಿನಿಂದಲೇ ಆರಂಭವಾಗುವುದಷ್ಟೆ.

ಇದೇ ಸೀಮೆಯ ಕೋಟದಲ್ಲಿ 1902ರಲ್ಲಿ ಜನಿಸಿ, ಕುಂದಾಪುರದ ಹೈಸ್ಕೂಲಿನಲ್ಲಿ ಓದಿದ ಶಿವರಾಮ ಕಾರಂತರು ಕಂಠಪಾಠದ ಶಿಕ್ಷಣವನ್ನು ಬಹಳವಾಗಿ ಖಂಡಿಸಿದವರು. ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಮಕ್ಕಳ ಕುತೂಹಲವನ್ನು ತಣಿಸಲು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ರಚಿಸಿದರು. 1977ರ ಜ್ಞಾನಪೀಠ ಪ್ರಶಸ್ತಿಯನ್ನು ಅವರಿಗೆ ತಂದ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಮೊಮ್ಮಗ ಸುಬ್ಬರಾಯನು ಓದುಬರಹವಿಲ್ಲದ ಅಜ್ಜಿಯೊಡನೆ ದೇವರು, ಸಾವು, ಸಂಸಾರಗಳನ್ನು ಕುರಿತು ಚರ್ಚಿಸುತ್ತಾನೆ. ಪ್ರಶ್ನೆಯನ್ನು ಅಜ್ಜಿ ಗದರಿಸಿ ಅಡಗಿಸುವುದಿಲ್ಲ. ಉಪಾಧ್ಯಾಯನಿಗೆ ಇದಕ್ಕಿಂತ ಮೇಲಾದ ಮಾದರಿ ಯಾವುದು?

ಹೊರಗಿನ ಲೋಕವೂ ಈ ದಾರಿಯನ್ನು ತುಳಿದಿದೆ. ಫ್ರಾನ್ಸಿನಲ್ಲಿ 1809ರಿಂದ ಪ್ರೌಢಶಿಕ್ಷಣದ ಕಡೆಯ ವರ್ಷದಲ್ಲಿ ತತ್ತ್ವಶಾಸ್ತ್ರಕ್ಕೆ ಸ್ಥಾನವುಂಟು. ಅಮೆರಿಕದ ಮ್ಯಾಥ್ಯೂ ಲಿಪ್‌ಮನ್ 1970ರ ದಶಕದಲ್ಲಿ ಬಾಲಕರಿಗಾಗಿ ಕಥೆಗಳನ್ನು ಬರೆದು, ತರಗತಿಯನ್ನೇ ವಿಚಾರಗೋಷ್ಠಿಯಾಗಿ ಮಾಡಿದರು. ನಮ್ಮಲ್ಲಿ ತರ್ಕಶಾಸ್ತ್ರವು ಪದವಿಪೂರ್ವ ತರಗತಿಯಲ್ಲಿ ಐಚ್ಛಿಕ ವಿಷಯವಾಗಿ ದೊರೆಯುತ್ತದೆ. ಆ ವೇಳೆಗೆ ಎಷ್ಟೋ ಮಕ್ಕಳು ಪ್ರಶ್ನಿಸುವುದನ್ನೇ ಬಿಟ್ಟಿರುತ್ತಾರೆ.

ಹಾಗೆಂದು ಹೊಸ ಪಠ್ಯಪುಸ್ತಕವೊಂದನ್ನು ಮಕ್ಕಳ ಬೆನ್ನಿಗೆ ಹೇರಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಷಡ್ದರ್ಶನಗಳ ಹೆಸರನ್ನು ಬಾಯಿಪಾಠ ಮಾಡಿಸಿದರೆ ತತ್ತ್ವವೂ ಇನ್ನೊಂದು ಮಗ್ಗಿಯಾದೀತು. ವಾರಕ್ಕೆ ಒಂದು ಗಂಟೆ, ಒಂದು ಕಥೆ, ಒಂದು ಪ್ರಶ್ನೆ ಸಾಕು. ಇಂದು ಕರ್ಣನ ಪಕ್ಷವನ್ನು ಹಿಡಿದವನು ನಾಳೆ ಕೃಷ್ಣನ ಪಕ್ಷವನ್ನು ಹಿಡಿಯಲಿ. ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ಹೇಳಿದ ಮೇಲೆ ತನ್ನ ಉತ್ತರವನ್ನು ಕೊಡಲಿ. ಹಳೆಯ ಹೂವಿನಕೋಲಿಗೆ ಬಾಲಕನ ಸ್ವಂತ ಮಾತು ಸೇರಬೇಕು. ಆ ಜಗಲಿಯು ಬಾಲಕಿಯರಿಗೂ ಸಕಲ ಜಾತಿಯ ಮಕ್ಕಳಿಗೂ ತೆರೆದಿರಬೇಕು. ಮತ ಹಾಕುವ, ತೀರ್ಪು ಕೊಡುವ ಪ್ರಜೆಗಳಾಗಲಿರುವ ಮಕ್ಕಳಿಗೆ ಇದು ಅಲಂಕಾರದ ವಿದ್ಯೆಯಲ್ಲ, ಅವಶ್ಯಕವಾದ ವಿದ್ಯೆ.