ಉಬ್ಬದ ಗೋಧಿಯ ಕಥೆ



ಕೆಲವು ಪ್ರಶ್ನೆಗಳಿಗೆ ಕ್ಯಾಮೆರಾ ಎದುರಿಗಿದ್ದಾಗ ಉತ್ತರ ಹೊಳೆಯುವುದಿಲ್ಲ. ಅಂಥ ಒಂದು ಪ್ರಶ್ನೆ ನನಗೆ ಎದುರಾದದ್ದು ಅಣ್ಣಿಗೇರಿ ಸೀಮೆಯ ಒಂದು ಹಳ್ಳಿಮನೆಯ ಅಡುಗೆಮನೆಯಲ್ಲಿ.

ಗುಡ್ ಫ್ರೈಡೆಯಂದು ಕ್ರೈಸ್ತರ ಕೆಲವು ಮನೆಗಳಲ್ಲಿ ಮಾಡುವ, ನೆತ್ತಿಯ ಮೇಲೆ ಶಿಲುಬೆ ಗುರುತಿರುವ ಮಸಾಲೆ ಬನ್ನನ್ನು ಓವನ್ ಇಲ್ಲದೆಯೇ ಮಾಡಿ ತೋರಿಸುವ ಹಂಚಿಕೆ ನಮ್ಮದಾಗಿತ್ತು. ಎರಡು ಬುಟ್ಟಿಗಳಲ್ಲಿ ಹಿಟ್ಟು ಕಲಸಿದೆವು. ಒಂದರಲ್ಲಿ ಪೇಟೆಯಿಂದ ತಂದ ಮೈದಾ, ಇನ್ನೊಂದರಲ್ಲಿ ಆ ಮನೆಯ ಹೊಲದಲ್ಲೇ ಬೆಳೆದ ಜವೆ ಗೋಧಿಯ ಹಿಟ್ಟು. ಎರಡಕ್ಕೂ ಅದೇ ಯೀಸ್ಟ್, ಅದೇ ಹಾಲು, ಅದೇ ಸಕ್ಕರೆ. ಬೇಸಿಗೆಯ ಸೆಕೆಗೆ ಒಂದು ತಾಸಿನೊಳಗೆ ಮೈದಾ ಹಿಟ್ಟು ಉಬ್ಬಿ ಇಮ್ಮಡಿಯಾಯಿತು. ಜವೆ ಹಿಟ್ಟು ಮಾತ್ರ ಒಂದಿಷ್ಟು ಬಿರುಕು ಬಿಟ್ಟು ಕುಳಿತಲ್ಲೇ ಕುಳಿತಿತು. ಬೇಯಿಸಿದ ಮೇಲೆ ಒಂದು ಹತ್ತಿಯಂತಾಯಿತು, ಇನ್ನೊಂದು ಹೆಂಟೆಯಂತಾಯಿತು.

ನೋಡುತ್ತ ನಿಂತಿದ್ದ ಆ ಮನೆಯ ಹೈಸ್ಕೂಲ್ ಹುಡುಗಿ ಕೇಳಿದಳು: "ಹಂಗಾದ್ರ ನಮ್ಮ ಗೋಧಿ ಕೀಳೇನ್ರಿ, ಸರ?"

ಅವಳ ಅಜ್ಜಿ ನಕ್ಕಳು. ನನಗೆ ನಗಲಾಗಲಿಲ್ಲ. ವಿಜ್ಞಾನ ಓದಿದವನಾಗಿಯೂ ಅಂದು ನಾನು ತಡವರಿಸಿದೆ. ಈ ಬರಹ ಅವಳಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಬನ್ನಿನ ಸಂಗತಿ. ಇದು ಇಂಗ್ಲೆಂಡಿನ ರೂಢಿ. 1592ರಲ್ಲಿ, ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, ಲಂಡನ್ನಿನ ಮಾರುಕಟ್ಟೆ ಅಧಿಕಾರಿ ಒಂದು ಆಜ್ಞೆ ಹೊರಡಿಸಿದ. ಶವಸಂಸ್ಕಾರ, ಗುಡ್ ಫ್ರೈಡೆ ಮತ್ತು ಕ್ರಿಸ್‌ಮಸ್ ಬಿಟ್ಟರೆ ಬೇರೆ ದಿನಗಳಲ್ಲಿ ಮಸಾಲೆ ಬನ್ನು ಮಾರಕೂಡದು. ಮಾರಿದರೆ ಆ ಸರಕೆಲ್ಲ ಬಡವರ ಪಾಲು! ದಾಲ್ಚಿನ್ನಿ ಸಿಂಹಳದಿಂದಲೂ ಜಾಯಿಕಾಯಿ ಬಾಂಡಾ ದ್ವೀಪಗಳಿಂದಲೂ ಸಮುದ್ರ ದಾಟಿ ಬರಬೇಕಾಗಿದ್ದ ಕಾಲ ಅದು. ಮಸಾಲೆ ಹಾಕಿದ ಬನ್ನು ದಿನನಿತ್ಯದ ತಿನಿಸಾಗಿರಲಿಲ್ಲ.

ಇದು ನಮ್ಮ ಕಡೆಗೆ ಬಂದದ್ದು ಹೇಗೆ? ಮಿಶನರಿಗಳು ತಂದರು ಎಂದು ಥಟ್ಟನೆ ಹೇಳಿಬಿಡುವುದು ಸುಲಭ. ಆದರೆ 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಶನ್ನಿನವರು ಹೆಚ್ಚಾಗಿ ಜರ್ಮನ್ ಮತ್ತು ಸ್ವಿಸ್ ಜನ. ಶಿಲುಬೆಯ ಬನ್ನು ಅವರ ಪದ್ಧತಿಯಲ್ಲ. ಭಾರತದಲ್ಲಿ ಅದನ್ನು ಉಳಿಸಿಕೊಂಡವರು ಇಂಗ್ಲಿಷರ ಮನೆಗಳು ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳು. ಆ ಕುಟುಂಬಗಳಲ್ಲಿ ಎಷ್ಟೋ ಮಂದಿಯ ಜೀವನ ರೈಲಿನೊಂದಿಗೆ ಬೆಸೆದುಕೊಂಡಿತ್ತು. ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಆರಂಭವಾದದ್ದು ಹುಬ್ಬಳ್ಳಿಯಲ್ಲೇ. ಕುಂದಗೋಳ, ಅಣ್ಣಿಗೇರಿಗಳು ಹುಬ್ಬಳ್ಳಿಗೆ ರೈಲಿನ ಮೂಲಕ ನೆರೆಯೂರುಗಳಾದವು.

ಇನ್ನು ಗೋಧಿಯ ಸಂಗತಿ. ಇದು ಬನ್ನಿಗಿಂತ ಬಹಳ ಹಳೆಯದು. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ಜನ ಸಾಗುವಳಿಗೆ ತಂದ ಗೋಧಿಗಳಲ್ಲಿ ಎಮ್ಮರ್ ಒಂದು. ನಮ್ಮ ಜವೆ ಗೋಧಿ ಆ ಕುಲದ್ದೇ. ಅದರ ಜೀವಕೋಶದಲ್ಲಿ 28 ವರ್ಣತಂತುಗಳಿವೆ. ಮುಂದೆ ಕ್ಯಾಸ್ಪಿಯನ್ ಸಮುದ್ರದ ಆಸುಪಾಸಿನ ಹೊಲಗಳಲ್ಲಿ ಈ ಬಗೆಯ ಗೋಧಿಯೊಂದಿಗೆ ಕಾಡುಹುಲ್ಲೊಂದು ತಾನಾಗಿಯೇ ಬೆರೆತು, 42 ವರ್ಣತಂತುಗಳ ಹೊಸ ಗೋಧಿ ಹುಟ್ಟಿತು. ಇಂದಿನ ಬ್ರೆಡ್ಡಿನ ಗೋಧಿ ಅದೇ.

ಹಿಟ್ಟನ್ನು ಉಬ್ಬಿಸುವ ಗುಣ ಮುಖ್ಯವಾಗಿ ಆ ಕಾಡುಹುಲ್ಲಿನ ಬಳುವಳಿ. ಯೀಸ್ಟ್ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗ್ಲುಟೆನ್ ಎಂಬ ಅಂಟಾದ ಪ್ರೋಟೀನು ರಬ್ಬರಿನ ಬುಗ್ಗೆಯಂತೆ ಹಿಗ್ಗಿ ಆ ಗಾಳಿಯನ್ನು ಹಿಡಿದಿಡುತ್ತದೆ. ಜವೆಯಲ್ಲಿಯೂ ಪ್ರೋಟೀನು ಸಾಕಷ್ಟಿದೆ, ಆದರೆ ಅದರ ಗ್ಲುಟೆನ್‌ಗೆ ಹಿಗ್ಗುವ ಶಕ್ತಿ ಕಡಿಮೆ. ಗಾಳಿ ಸೋರಿಹೋಗುತ್ತದೆ. ಅಂದು ನಮ್ಮ ಬುಟ್ಟಿಯಲ್ಲಿ ಆದದ್ದು ಇಷ್ಟೇ.

ಹಾಗಾದರೆ "ಕೀಳು" ಎಂಬ ಮಾತು ಎಲ್ಲಿಂದ ಬಂತು? 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಭಾರತದ ಗೋಧಿ ಹಡಗೇರಿ ಬ್ರಿಟನ್ನಿಗೆ ಹೋಗತೊಡಗಿತು. ಅಲ್ಲಿಯ ಗಿರಣಿಯವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದರಿಂದ ಬ್ರೆಡ್ ಚೆನ್ನಾಗಿ ಉಬ್ಬುತ್ತದೆಯೇ? ಬಿಹಾರದ ಪುಸಾ ಸಂಸ್ಥೆಯಲ್ಲಿ ದುಡಿದ ಆಲ್ಬರ್ಟ್ ಮತ್ತು ಗೇಬ್ರಿಯಲ್ ಹೋವರ್ಡ್ ದಂಪತಿ 1909ರಲ್ಲಿ ಭಾರತದ ಗೋಧಿಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಅವರು ಬೆಳೆಸಿದ ತಳಿಗಳೂ ಇಂಗ್ಲೆಂಡಿನಲ್ಲಿ ಬೀಸುವ, ಬೇಯಿಸುವ ಪರೀಕ್ಷೆಗೆ ಒಳಗಾದವು. ವ್ಯಾಪಾರಕ್ಕೆ ಅದು ಬೇಕಿತ್ತು, ತಪ್ಪೇನಲ್ಲ. ಆದರೆ ಆ ಪರೀಕ್ಷೆಯಲ್ಲಿ ಹುಗ್ಗಿ ಇರಲಿಲ್ಲ, ಮಾದಲಿ ಇರಲಿಲ್ಲ. ಓಟದ ಪಂದ್ಯದಲ್ಲಿ ಎತ್ತು ಕುದುರೆಗೆ ಸೋತರೆ ಎತ್ತು ಕೀಳಾಗುವುದೇ? ಗಳೆ ಹೂಡಿದಾಗ ನೋಡಬೇಕು!

ಹಿಂಗಾರಿನಲ್ಲಿ ಎರೆಹೊಲದ ತೇವವನ್ನೇ ನಂಬಿ ಬೆಳೆ ತೆಗೆಯುವ ಸೀಮೆ ಇದು. ಜವೆಯ ಕಾಳನ್ನು ಹೊಟ್ಟು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಕುಟ್ಟಿಯೇ ಬಿಡಿಸಬೇಕು, ನಿಜ. ಆದರೆ ಅದರ ರವೆ, ಶಾವಿಗೆ, ಹುಗ್ಗಿಗಳ ರುಚಿಯೇ ಬೇರೆ. ಗೋಧಿಯ ದೊಡ್ಡ ಶತ್ರುವಾದ ತುಕ್ಕು ರೋಗವನ್ನು ತಾಳುವ ಗುಣವೂ ಈ ಕುಲಕ್ಕಿದೆ. 1920ರ ದಶಕದಲ್ಲಿ ಅಮೆರಿಕದ ಮೆಕ್‌ಫ್ಯಾಡನ್ ಎಂಬ ವಿಜ್ಞಾನಿ ಎಮ್ಮರ್ ಗೋಧಿಯನ್ನು ಬ್ರೆಡ್ಡಿನ ಗೋಧಿಯೊಂದಿಗೆ ಸಂಕರ ಮಾಡಿ, ಆ ಗುಣವನ್ನು 'ಹೋಪ್' ಎಂಬ ತಳಿಗೆ ತಂದರು. ಹೋಪ್ ಎಂದರೆ ಭರವಸೆ. ಅಲ್ಲಿಂದ ಆ ಗುಣ ಲೋಕದ ಎಷ್ಟೋ ಬ್ರೆಡ್ ಗೋಧಿಗಳಿಗೆ ಹರಡಿತು. ಮೆತ್ತನೆಯ ಬನ್ನು ಈ ಉಬ್ಬದ ಗೋಧಿಯ ಋಣದಲ್ಲಿದೆ!

ಬನ್ನನ್ನು ನೀವೂ ಮಾಡಿ ನೋಡಬಹುದು. 190 ಗ್ರಾಂ ಮೈದಾ, 60 ಗ್ರಾಂ ಜವೆ ಹಿಟ್ಟು, ಒಂದು ಸಣ್ಣ ಚಮಚ ಒಣ ಯೀಸ್ಟ್, 40 ಗ್ರಾಂ ಸಕ್ಕರೆ, 30 ಗ್ರಾಂ ಬೆಣ್ಣೆ, ಅರ್ಧ ಚಮಚ ಉಪ್ಪು, ಸುಮಾರು 150 ಮಿಲಿ ಉಗುರುಬೆಚ್ಚಗಿನ ಹಾಲು, ದಾಲ್ಚಿನ್ನಿ, ಏಲಕ್ಕಿ, ಒಂದು ಹಿಡಿ ಒಣದ್ರಾಕ್ಷಿ. ಹಾಲು ಸುಡುವಂತಿದ್ದರೆ ಯೀಸ್ಟ್ ಸಾಯುತ್ತದೆ. ಹತ್ತು ನಿಮಿಷ ನಾದಿ, ಇಮ್ಮಡಿಯಾಗುವ ತನಕ ಮುಚ್ಚಿಡಿ. ಎಂಟು ಉಂಡೆ ಮಾಡಿ ಮತ್ತೆ ಅರ್ಧ ತಾಸು ಬಿಡಿ. ಮೈದಾ ಮತ್ತು ನೀರಿನ ಗಟ್ಟಿ ಸರಿಯಿಂದ ಮೇಲೆ ಶಿಲುಬೆ ಎಳೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಮರಳು ಕಾಯಿಸಿ, ಅದರೊಳಗೆ ತಾಟು ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಅರ್ಧ ತಾಸು ಬೇಯಿಸಿ. ಬೆಂಕಿಯ ಹತ್ತಿರ ಹಿರಿಯರು ಇರಲಿ. ಬಿಸಿಯಿರುವಾಗಲೇ ಸಕ್ಕರೆ ಪಾಕ ಸವರಿ, ಮಧ್ಯದಲ್ಲಿ ಸೀಳಿ ಬೆಣ್ಣೆ ಹಚ್ಚಿ ಕೊಡಿ.

ಅಂದು ಉಳಿದ ಜವೆ ಹಿಟ್ಟನ್ನು ಆ ಅಜ್ಜಿ ಚೆಲ್ಲಲಿಲ್ಲ. ಬೆಲ್ಲ, ತುಪ್ಪ ಹಾಕಿ ಹುರಿದು ಉಂಡೆ ಕಟ್ಟಿ ನಮ್ಮ ತಂಡಕ್ಕೆಲ್ಲ ಹಂಚಿದಳು. ಮೈದಾದ ಬನ್ನಿಗಿಂತ ಮೊದಲು ಖಾಲಿಯಾದದ್ದು ಆ ಉಂಡೆಗಳೇ. ಇಲ್ಲ ತಂಗಿ, ನಿಮ್ಮ ಗೋಧಿ ಕೀಳಲ್ಲ. ನಾವು ಅದಕ್ಕೆ ಕೇಳಿದ ಪ್ರಶ್ನೆ ಬೇರೆಯವರದಾಗಿತ್ತು.

ನಿಮ್ಮ ಮನೆಯಲ್ಲಿ ಹಿಂದೆ ಯಾವ ಗೋಧಿ ಬೆಳೆಯುತ್ತಿದ್ದರು, ಅದರಿಂದ ಏನೇನು ಮಾಡುತ್ತಿದ್ದರು? ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದೂ ಇತಿಹಾಸವೇ.