ಸ್ಥಾನಿಕ ವೇಳೆ ಮತ್ತು ಆದರ್ಶ ವೇಳೆ

ಒಂದು ಸ್ಥಳದ ರೇಖಾಂಶದಲ್ಲಿ ಸೂರ್ಯನ ಸ್ಥಾನವನ್ನು ಆಧರಿಸಿ ನಿರ್ಧರಿಸುವ ವೇಳೆಯನ್ನು ಸ್ಥಾನಿಕ ವೇಳೆ ಎನ್ನುತ್ತಾರೆ. ಭೂಮಿಯು 24 ಗಂಟೆಗಳಲ್ಲಿ 360° ತಿರುಗುವುದರಿಂದ ಪ್ರತಿ 1° ರೇಖಾಂಶಕ್ಕೆ 4 ನಿಮಿಷಗಳ, 15°ಗೆ 1 ಗಂಟೆಯ ವ್ಯತ್ಯಾಸವಾಗುತ್ತದೆ. ಪೂರ್ವದ ಸ್ಥಳಗಳ ವೇಳೆ ಮುಂದಿರುತ್ತದೆ.

ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ ಮತ್ತು ಜೇವರ್ಗಿ ಪಟ್ಟಣಗಳು ಪಶ್ಚಿಮದಿಂದ ಪೂರ್ವಕ್ಕೆ ಇದೇ ಕ್ರಮದಲ್ಲಿ, ಸುಮಾರು 76.4°ಯಿಂದ 76.8° ಪೂರ್ವ ರೇಖಾಂಶಗಳ ನಡುವೆ ಇವೆ. ಆದ್ದರಿಂದ ಜೇವರ್ಗಿಯ ಸ್ಥಾನಿಕ ವೇಳೆ ಅಫಜಲಪುರದ್ದಕ್ಕಿಂತ ಒಂದೂವರೆ ನಿಮಿಷಕ್ಕೂ ಹೆಚ್ಚು ಮುಂದಿದೆ. ಊರಿಗೊಂದು ವೇಳೆ ಅನುಸರಿಸಿದರೆ ರೈಲು ಮುಂತಾದ ವ್ಯವಹಾರಗಳಲ್ಲಿ ಗೊಂದಲ ಉಂಟಾಗುತ್ತದೆ.

ಇದನ್ನು ತಪ್ಪಿಸಲು 1906ರ ಜನವರಿ 1ರಿಂದ 82°30′ ಪೂರ್ವ ರೇಖಾಂಶದ ವೇಳೆಯನ್ನು ಭಾರತದ ಆದರ್ಶ ವೇಳೆಯಾಗಿ ಅಳವಡಿಸಲಾಯಿತು. ಇದು ಗ್ರೀನ್‌ವಿಚ್ ವೇಳೆಗಿಂತ 5 ಗಂಟೆ 30 ನಿಮಿಷ ಮುಂದಿದೆ. ಆಳಂದದ ಸ್ಥಾನಿಕ ವೇಳೆ ಇದಕ್ಕಿಂತ ಸುಮಾರು 24 ನಿಮಿಷ ಹಿಂದಿರುವುದರಿಂದ, ಅಲ್ಲಿ ಸರಾಸರಿ ಸೌರ ಮಧ್ಯಾಹ್ನವು ಗಡಿಯಾರದ 12:24ರ ಸುಮಾರಿಗೆ ಆಗುತ್ತದೆ.